ಕ್ಯಾನ್ಸರ್ ಕಳೆದುಕೊಂಡದ್ದೇ ಅದರ ವಿಳಾಸವಾದಾಗ: ಮೀಥೈಲ್ ಕಿಣ್ವಗಳ ಬೆನ್ನು ಹತ್ತಿದ ಔಷಧಿಗಳ ಕಥೆ

ಮೆಟ್ರೋದಲ್ಲಿ ನಿಂತು ಕೇಳ್ತಿದ್ದೀರೋ, ಹಾಸ್ಟೆಲ್ ರೂಮಲ್ಲಿ ಮಲಗಿ ಕೇಳ್ತಿದ್ದೀರೋ, ಒಂದಿಪ್ಪತ್ತು ನಿಮಿಷ ಜೊತೆಗಿರಿ. ಓದೋದೇ ಇಷ್ಟ ಅನ್ನೋರಿಗೆ ಇಡೀ ಎಪಿಸೋಡ್ ಇಲ್ಲಿ ಬರಹದಲ್ಲಿದೆ.

ಇವತ್ತಿನ ವಿಷಯ ಬಂದಿದ್ದು ಒಬ್ಬ ಕೇಳುಗರ ಮೆಸೇಜ್‌ನಿಂದ. ಅವರು ಬರೆದಿದ್ದು ಹೀಗೆ: "ನಮ್ಮ ಸೋದರಮಾವನ ಬಯಾಪ್ಸಿ ರಿಪೋರ್ಟ್ ಬಂತು. ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್, ಮೀಸೋಥೀಲಿಯೋಮಾ ಅಂತಿದೆ. ಅದರ ಕೆಳಗೆ ‘ಎಂಟ್ಯಾಪ್ ಲಾಸ್’ ಅಂತ ಇನ್ನೊಂದು ಸಾಲು. ಓಪಿಡಿಯಲ್ಲಿ ಅಷ್ಟು ರಶ್ ಇತ್ತು, ಡಾಕ್ಟರ್ ಹತ್ರ ಅದನ್ನ ಕೇಳೋಕಾಗಲಿಲ್ಲ. ಗೂಗಲ್ ಮಾಡಿದ್ರೆ ಯಾವುದೋ ಹೊಸ ಔಷಧಿ ಬಂದಿದೆ ಅಂತ ತೋರಿಸುತ್ತೆ. ಮನೆಯಲ್ಲಿ ಎಲ್ಲರೂ ನನ್ನನ್ನೇ ಕೇಳ್ತಿದ್ದಾರೆ. ಈ ಸಾಲು ಒಳ್ಳೇದಾ, ಕೆಟ್ಟದ್ದಾ?"

ಒಂದೇ ಸಾಲಿನ ಪ್ರಶ್ನೆ. ಆದ್ರೆ ಉತ್ತರ ಅರ್ಥ ಆಗ್ಬೇಕು ಅಂದ್ರೆ ಒಂದು ಕಥೆ ಕೇಳಬೇಕು. ನಮ್ಮ ದೇಹದ ಪ್ರೋಟೀನ್‌ಗಳ ಮೇಲೆ ಪುಟ್ಟ ಗುರುತು ಹಾಕುವ ಕಿಣ್ವಗಳ ಕಥೆ, ಅವನ್ನು ಔಷಧಿಯಿಂದ ತಡೆಯಲು ಹೊರಟವರು ಎಡವಿದ ಕಥೆ, ಆಮೇಲೆ ದಾರಿ ಕಂಡ ಕಥೆ. ಶುರು ಮಾಡೋಣ.

ಮೂಟೆ ಮೇಲಿನ ಗುರುತು

ಎಪಿಎಂಸಿ ಯಾರ್ಡ್ ನೋಡಿದ್ದೀರಾ? ಸಾಲಾಗಿ ಪೇರಿಸಿಟ್ಟ ಮೂಟೆಗಳು. ಒಳಗೆ ಏನಿದೆ ಅಂತ ಬಿಚ್ಚಿ ನೋಡೋಲ್ಲ. ಹೊರಗೆ ಬಣ್ಣದಲ್ಲಿ ಹಾಕಿದ ಒಂದು ಚುಕ್ಕೆ, ಒಂದು ಅಕ್ಷರ ಸಾಕು. ಇದು ಯಾವ ಲಾರಿಗೆ ಹೋಗಬೇಕು, ಇದು ಗೋಡೌನ್‌ನಲ್ಲೇ ಉಳೀಬೇಕು ಅಂತ ಹಮಾಲರಿಗೆ ಗೊತ್ತಾಗುತ್ತೆ. ಮೂಟೆಯ ಒಳಗಿನ ಅಕ್ಕಿ ಬದಲಾಗಿಲ್ಲ. ಗುರುತು ಬದಲಾದರೆ ಅದರ ದಾರಿ ಬದಲಾಗುತ್ತೆ.

ನಮ್ಮ ಜೀವಕೋಶದೊಳಗೂ ಹೀಗೇ ನಡೆಯುತ್ತೆ. ಅಲ್ಲಿನ ಒಂದು ಗುರುತಿನ ಹೆಸರು ಮೀಥೈಲ್. ಒಂದು ಕಾರ್ಬನ್, ಮೂರು ಹೈಡ್ರೋಜನ್, ಒಟ್ಟು ನಾಲ್ಕೇ ಪರಮಾಣು. ಇದನ್ನು ಪ್ರೋಟೀನ್‌ನ ನಿರ್ದಿಷ್ಟ ಜಾಗಕ್ಕೆ ಅಂಟಿಸುವ ಕೆಲಸಕ್ಕೆ ಮೀಥೈಲೇಷನ್ ಅಂತ ಹೆಸರು. ಅಂಟಿಸುವ ಕಿಣ್ವಗಳು ಮೀಥೈಲ್‌ಟ್ರಾನ್ಸ್‌ಫರೇಸ್‌ಗಳು. ಕಿತ್ತು ತೆಗೆಯೋಕೆ ಬೇರೆ ಕಿಣ್ವಗಳೇ ಇವೆ.

ಅತಿ ಹೆಚ್ಚು ಚರ್ಚೆಯಾಗಿರುವ ಗುರುತು ಹಿಸ್ಟೋನ್ ಅನ್ನೋ ಪ್ರೋಟೀನ್ ಮೇಲಿನದು. ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ನೇರ ಮಾಡಿದರೆ ಸುಮಾರು ಎರಡು ಮೀಟರ್ ಉದ್ದ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನ್ಯೂಕ್ಲಿಯಸ್ ಒಳಗೆ ಹಿಡಿಸಬೇಕು. ಹಾಗಾಗಿ ನೂಲನ್ನು ಉಂಡೆಗೆ ಸುತ್ತಿದ ಹಾಗೆ ಹಿಸ್ಟೋನ್‌ಗಳ ಸುತ್ತ ಸುತ್ತಿಕೊಂಡಿರುತ್ತೆ. ಹಿಸ್ಟೋನ್‌ನ ಬಾಲದ ಯಾವ ಜಾಗದಲ್ಲಿ ಮೀಥೈಲ್ ಗುರುತು ಬಿತ್ತು ಅನ್ನೋದರ ಮೇಲೆ ಆ ಭಾಗದ ಜೀನ್ ತೆರೆದಿರಬೇಕೋ, ಮುಚ್ಚಿರಬೇಕೋ ತೀರ್ಮಾನವಾಗುತ್ತೆ. ಡಿಎನ್‌ಎ ಅಕ್ಷರ ಒಂದೂ ಬದಲಾಗಿಲ್ಲ. ಆದ್ರೆ ಓದೋದು ಬದಲಾಯ್ತು.

ಹಿಸ್ಟೋನ್‌ಗೆ ಹೀಗೆ ಮೀಥೈಲ್ ಅಂಟಿಸುವ ಮಾನವ ಕಿಣ್ವವೊಂದನ್ನು ಥಾಮಸ್ ಯೆನುವೈನ್ ಅವರ ತಂಡ ಗುರುತಿಸಿದ್ದು 2000ದಲ್ಲಿ. ಅಲ್ಲಿಯವರೆಗೆ ಗುರುತು ಇದೆ ಅಂತ ಗೊತ್ತಿತ್ತು, ಆದ್ರೆ ಅದನ್ನ ಯಾರು ಹಾಕ್ತಾರೆ ಅನ್ನೋದು ಹೆಚ್ಚು ತಿಳಿದಿರಲಿಲ್ಲ. ಈ ಗುರುತು ಒಮ್ಮೆ ಬಿದ್ದರೆ ಅಳಿಸೋಲ್ಲ ಅನ್ನೋ ನಂಬಿಕೆಯೂ ಇತ್ತು. 2004ರಲ್ಲಿ ಹಾರ್ವರ್ಡ್‌ನ ಯಾಂಗ್ ಶಿ ಅವರ ತಂಡ ಅಳಿಸುವ ಕಿಣ್ವವನ್ನೂ ತೋರಿಸಿತು. ಹಾಕಬಹುದು, ಅಳಿಸಬಹುದು ಅಂದ ಮೇಲೆ ಔಷಧಿಯಿಂದ ತಡೆಯಲೂಬಹುದು ಅಲ್ವಾ? ಕ್ಯಾನ್ಸರ್ ಸಂಶೋಧಕರ ಕಿವಿ ನೆಟ್ಟಗಾಗಿದ್ದು ಇಲ್ಲೇ.

ಎಲ್ಲರಿಗೂ ಒಂದೇ ಬಣ್ಣದ ಡಬ್ಬಿ

ಹೇಳೋದು ಸುಲಭ. ಮಾಡೋಕೆ ಹೋದಾಗ ಮೊದಲ ಗೋಡೆ ಎದುರಾಯ್ತು.

ಗುರುತು ಹಾಕೋ ಕಿಣ್ವಕ್ಕೆ ಮೀಥೈಲ್ ಎಲ್ಲಿಂದ ಬರುತ್ತೆ? ಸ್ಯಾಮ್ ಅನ್ನೋ ಅಣುವಿನಿಂದ. ಪೂರ್ತಿ ಹೆಸರು ಎಸ್-ಅಡಿನೋಸಿಲ್ ಮಿಥಿಯೋನಿನ್, ನಾವು ಸ್ಯಾಮ್ ಅಂತಲೇ ಕರೆಯೋಣ. ಯಾರ್ಡ್‌ನ ಭಾಷೆಯಲ್ಲಿ ಇದೇ ಬಣ್ಣದ ಡಬ್ಬಿ. ಸಮಸ್ಯೆ ಏನಂದ್ರೆ, ಮನುಷ್ಯರ ದೇಹದಲ್ಲಿ ಸುಮಾರು 200 ಬಗೆಯ ಕಿಣ್ವಗಳು ಇದೇ ಡಬ್ಬಿಗೆ ಬ್ರಷ್ ಅದ್ದುತ್ತವೆ. ಡಿಎನ್‌ಎಗೆ ಗುರುತು ಹಾಕೋರು, ಆರ್‌ಎನ್‌ಎಗೆ ಹಾಕೋರು, ಪ್ರೋಟೀನ್‌ಗೆ ಹಾಕೋರು, ಎಲ್ಲರೂ. ಪ್ರತಿಯೊಬ್ಬರ ಕೈಯಲ್ಲೂ ಡಬ್ಬಿ ಹಿಡಿಯೋಕೆ ಒಂದು ಕುಳಿ ಇದೆ. ಆ ಕುಳಿಗೆ ಅಡ್ಡ ಕೂರುವ ಔಷಧಿ ಮಾಡಿದರೆ ಕಳ್ಳನ ಜೊತೆ ಊರಿನವರ ಕೈಯನ್ನೂ ಕಟ್ಟಿಹಾಕಿದ ಹಾಗೆ.

ಹಾಗಾಗಿ ಕೆಮಿಸ್ಟ್‌ಗಳ ಮೊದಲ ಕೆಲಸ: 200ರಲ್ಲಿ ಒಂದೇ ಒಂದು ಕಿಣ್ವವನ್ನು ಹಿಡಿಯುವ ಅಣುವನ್ನು ಹುಡುಕೋದು. ಇದಕ್ಕೆ ವರ್ಷಗಳೇ ಹಿಡಿದವು. ಆದರೂ ಇದು ಅವರು ಗೆದ್ದ ಯುದ್ಧ. ಪ್ರತಿ ಕಿಣ್ವದ ಕುಳಿಯೂ ಮೇಲ್ನೋಟಕ್ಕೆ ಒಂದೇ ಥರ ಕಂಡರೂ ಅದರ ಅಂಚು, ಪಕ್ಕದ ಸಂದು ಬೇರೆ ಬೇರೆ. ಆ ಚಿಕ್ಕ ವ್ಯತ್ಯಾಸ ಹಿಡಿದುಕೊಂಡೇ ಕೆಲಸಕ್ಕೆ ಬರುವ ಅಣುಗಳು ಸಿಕ್ಕವು.

ಎರಡನೇ ಗೋಡೆ ಇದಕ್ಕಿಂತ ಎತ್ತರ. ಒಂದೇ ಕಿಣ್ವವನ್ನು ಹಿಡಿದ್ರಿ, ಸರಿ. ಆದ್ರೆ ಅದೇ ಕಿಣ್ವ ಆರೋಗ್ಯವಂತ ಕೋಶಗಳಲ್ಲೂ ಕೆಲಸ ಮಾಡ್ತಿದೆಯಲ್ಲ? ಅಲ್ಲಿ ನಿಲ್ಲಿಸಿದರೆ? ಈ ಎಪಿಸೋಡ್‌ನ ತಿರುಳು ಇದೇ. ಕಿಣ್ವವನ್ನು ನಿಲ್ಲಿಸೋದಲ್ಲ, ಕ್ಯಾನ್ಸರ್ ಕೋಶದಲ್ಲಿ ಮಾತ್ರ ನಿಲ್ಲಿಸೋದು ಕಷ್ಟ.

ಮೊದಲ ಗೆಲುವು, ಅದರ ಮಿತಿ

ಮೊದಲು ಇಝಡ್‌ಎಚ್2 ಅನ್ನೋ ಕಿಣ್ವ ನೋಡೋಣ. ಇದರ ಕೆಲಸ ಹಿಸ್ಟೋನ್‌ನ ಒಂದು ನಿಗದಿತ ಜಾಗಕ್ಕೆ ಒಂದರ ಮೇಲೊಂದು ಮೂರು ಮೀಥೈಲ್ ಅಂಟಿಸೋದು. ಮೂರೂ ಬಿದ್ದರೆ ಆ ಜೀನ್‌ಗೆ ಬೀಗ.

2010ರಲ್ಲಿ ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಕೆಲವು ಲಿಂಫೋಮಾಗಳಲ್ಲಿ, ಅಂದ್ರೆ ದುಗ್ಧಗ್ರಂಥಿಗಳ ಕ್ಯಾನ್ಸರ್‌ನಲ್ಲಿ, ಈ ಕಿಣ್ವದ ಒಂದೇ ಒಂದು ಅಮೈನೋ ಆಸಿಡ್ ಬದಲಾಗಿರುವುದನ್ನು ಕಂಡರು. ಮೊದಮೊದಲು ಇದರಿಂದ ಕಿಣ್ವ ಕೆಟ್ಟುಹೋಗಿದೆ ಅಂತಲೇ ಅನ್ನಿಸಿತ್ತು. ಆದ್ರೆ ನಿಜ ಸಂಗತಿ ಬೇರೆ. ಸಾಮಾನ್ಯ ಇಝಡ್‌ಎಚ್2 ಮೊದಲ ಮೀಥೈಲ್ ಹಾಕೋದರಲ್ಲಿ ಚುರುಕು, ಮೂರನೆಯದಕ್ಕೆ ನಿಧಾನ. ಬದಲಾದ ಇಝಡ್‌ಎಚ್2 ತದ್ವಿರುದ್ಧ: ಮೊದಲನೆಯದು ಹಾಕಲಾರದು, ಮೂರನೆಯದರಲ್ಲಿ ಎತ್ತಿದ ಕೈ. ರೋಗಿಯ ಕೋಶದಲ್ಲಿ ಎರಡೂ ಬಗೆ ಒಟ್ಟಿಗೆ ಇರುತ್ತವೆ. ಒಬ್ಬ ಶುರು ಮಾಡ್ತಾನೆ, ಇನ್ನೊಬ್ಬ ಮುಗಿಸ್ತಾನೆ. ಬೀಗಗಳ ಮೇಲೆ ಬೀಗ. ಕೋಶ ಬೆಳೆದು ಪಕ್ವವಾಗಲು ಬೇಕಾದ ಜೀನ್‌ಗಳು ತೆರೆಯೋದೇ ಇಲ್ಲ.

ಇದಕ್ಕೆ ಬಂದ ಔಷಧಿ ಟ್ಯಾಝೆಮೆಟೋಸ್ಟ್ಯಾಟ್, ಬಾಯಲ್ಲಿ ನುಂಗುವ ಮಾತ್ರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2007ರಲ್ಲಿ ಶುರುವಾದ ಎಪಿಝೈಮ್ ಕಂಪನಿ ಇದರ ಹಿಂದಿತ್ತು. 2020ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಇದಕ್ಕೆ ತ್ವರಿತ ಅನುಮೋದನೆ ಕೊಟ್ಟಿತು. ಆದ್ರೆ ಮೊದಲು ಲಿಂಫೋಮಾಗಲ್ಲ, ಎಪಿಥೀಲಿಯಾಯ್ಡ್ ಸಾರ್ಕೋಮಾ ಅನ್ನೋ ಬಹಳ ಅಪರೂಪದ ಕ್ಯಾನ್ಸರ್‌ಗೆ. ಇಲ್ಲಿ ಕಾರಣ ಇನ್ನೊಂದು ಬಗೆಯದು. ಈ ಕ್ಯಾನ್ಸರ್‌ನ ಬಹುಪಾಲು ಗೆಡ್ಡೆಗಳಲ್ಲಿ ಐಎನ್‌ಐ1 ಅನ್ನೋ ಪ್ರೋಟೀನ್ ಕಾಣೆಯಾಗಿರುತ್ತೆ. ಅದು ಇಝಡ್‌ಎಚ್2ಗೆ ಎದುರು ನಿಂತು ಹಗ್ಗ ಎಳೆಯುತ್ತಿದ್ದ ಪ್ರೋಟೀನ್. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಬಿಟ್ಟುಹೋದರೆ ಏನಾಗುತ್ತೆ ಗೊತ್ತಲ್ಲ, ಅದೇ ಆಯ್ತು. ಕ್ಯಾನ್ಸರ್ ಏನನ್ನೋ ಕಳೆದುಕೊಂಡಿದ್ದರಿಂದಲೇ ಅದಕ್ಕೆ ಗುರಿ ಇಡೋಕಾಯ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಫಲಿತಾಂಶ ಹೇಗಿತ್ತು? 62 ರೋಗಿಗಳಲ್ಲಿ 15 ಶೇಕಡಾ ಜನರ ಗೆಡ್ಡೆ ಗಮನಾರ್ಹವಾಗಿ ಕುಗ್ಗಿತು. ಅಂದ್ರೆ ಒಂಬತ್ತು ಜನ. ಅದೇ ವರ್ಷ ಜೂನ್‌ನಲ್ಲಿ ಫಾಲಿಕ್ಯುಲರ್ ಲಿಂಫೋಮಾಕ್ಕೂ ಅನುಮೋದನೆ ಸಿಕ್ಕಿತು. ಅಲ್ಲಿ ಕಿಣ್ವ ಬದಲಾಗಿದ್ದ 42 ರೋಗಿಗಳಲ್ಲಿ 69 ಶೇಕಡಾ, ಬದಲಾಗದ 53 ರೋಗಿಗಳಲ್ಲಿ 34 ಶೇಕಡಾ ಜನರಿಗೆ ಫಲ ಕಂಡಿತು. ಗುರಿ ಸರಿಯಾಗಿ ಗೊತ್ತಿದ್ದಾಗ ಎಷ್ಟು ವ್ಯತ್ಯಾಸ ನೋಡಿ. ಇದೇ ದಾರಿಯಲ್ಲಿ ಜಪಾನ್ ಕೂಡ 2022ರಲ್ಲಿ ವ್ಯಾಲೆಮೆಟೋಸ್ಟ್ಯಾಟ್ ಅನ್ನೋ ಔಷಧಿಯನ್ನು ಅಲ್ಲಿನ ಒಂದು ಬಗೆಯ ಟಿ-ಕೋಶದ ರಕ್ತ ಕ್ಯಾನ್ಸರ್‌ಗೆ ಒಪ್ಪಿತು.

ಈಗ ಎರಡನೇ ಗೋಡೆಯ ಮಾತು. 2018ರ ಏಪ್ರಿಲ್‌ನಲ್ಲಿ, ಟ್ಯಾಝೆಮೆಟೋಸ್ಟ್ಯಾಟ್ ಪ್ರಯೋಗದಲ್ಲಿದ್ದ ಒಂದು ಮಗುವಿಗೆ ಟಿ-ಕೋಶದ ಲಿಂಫೋಮಾ ಅನ್ನೋ ಬೇರೆಯೇ ಕ್ಯಾನ್ಸರ್ ಕಾಣಿಸಿಕೊಂಡಿತು. ಎಫ್‌ಡಿಎ ಹೊಸ ರೋಗಿಗಳನ್ನು ಸೇರಿಸಿಕೊಳ್ಳೋದನ್ನು ತಡೆಯಿತು. ಪರಿಶೀಲನೆಯ ನಂತರ ಸೆಪ್ಟೆಂಬರ್‌ನಲ್ಲಿ ತಡೆ ತೆರವಾಯಿತು. ಆದ್ರೆ ಎರಡನೇ ಕ್ಯಾನ್ಸರ್‌ನ ಎಚ್ಚರಿಕೆ ಔಷಧಿಯ ಲೇಬಲ್ ಮೇಲೇ ಬಂತು. ಯಾಕೆ ಹೀಗೆ? ಇಝಡ್‌ಎಚ್2 ಒಂದು ಕಡೆ ಕ್ಯಾನ್ಸರ್‌ಗೆ ಕುಮ್ಮಕ್ಕು ಕೊಡುತ್ತೆ, ಇನ್ನು ಕೆಲವು ರಕ್ತಕೋಶಗಳಲ್ಲಿ ಅದೇ ಕಾವಲುಗಾರ. ಒಂದು ಮನೆಯ ಕಳ್ಳ ಇನ್ನೊಂದು ಮನೆಯ ವಾಚ್‌ಮನ್. ಇಬ್ಬರನ್ನೂ ಒಂದೇ ಮಾತ್ರೆ ಹಿಡಿಯುತ್ತೆ.

ಇನ್ನೊಂದು ಪ್ರಯತ್ನ ಬೇರೆ ಕಾರಣಕ್ಕೆ ನಿಂತಿತು. ಡಾಟ್1ಎಲ್ ಅನ್ನೋ ಮೀಥೈಲ್ ಕಿಣ್ವವನ್ನು ತಡೆಯುವ ಪಿನೋಮೆಟೋಸ್ಟ್ಯಾಟ್ ಪ್ರಯೋಗಾಲಯದಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಆದ್ರೆ ದೇಹದಲ್ಲಿ ಬೇಗ ಕರಗಿಹೋಗ್ತಿತ್ತು. ಹಾಗಾಗಿ ರೋಗಿಗೆ ಹಗಲೂ ರಾತ್ರಿ ಸತತವಾಗಿ ನರದ ಮೂಲಕ ಹನಿಸಬೇಕಾಯಿತು. 2018ರಲ್ಲಿ ಪ್ರಕಟವಾದ ಮೊದಲ ಹಂತದ ಪ್ರಯೋಗದಲ್ಲಿ 51 ಜನರಲ್ಲಿ ಸಂಪೂರ್ಣ ರೆಮಿಷನ್ ಬಂದಿದ್ದು ಇಬ್ಬರಿಗೆ. ಪ್ಲೇಟ್‌ನಲ್ಲಿ ಬೆಳೆದ ಕೋಶವನ್ನು ಕೊಲ್ಲೋದಕ್ಕೂ ಮನುಷ್ಯನನ್ನು ಗುಣಪಡಿಸೋದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಈ ಲೆಕ್ಕ ಹೇಳುತ್ತೆ.

ಪಕ್ಕದ ಮನೆಯ ಗೋಡೆಯೂ ಬಿತ್ತು

ಈಗ ನಮ್ಮ ಕೇಳುಗರ ರಿಪೋರ್ಟ್‌ಗೆ ಬರೋಣ. ಎಂಟ್ಯಾಪ್.

ನಮ್ಮ 9ನೇ ಕ್ರೋಮೋಸೋಮ್ ಮೇಲೆ ಕೋಶ ಬೇಕಾಬಿಟ್ಟಿ ವಿಭಜನೆಯಾಗದಂತೆ ಕಾಯೋ ಒಂದು ಕಾವಲು ಜೀನ್ ಇದೆ. ಹೆಸರು ಸಿಡಿಕೆಎನ್2ಎ. ಅನೇಕ ಕ್ಯಾನ್ಸರ್‌ಗಳಲ್ಲಿ ಆ ಜಾಗದ ಡಿಎನ್‌ಎ ತುಂಡೇ ಕಿತ್ತುಹೋಗಿರುತ್ತೆ. ಕಾವಲು ಹೋದರೆ ಕ್ಯಾನ್ಸರ್‌ಗೆ ಲಾಭ. ಆದ್ರೆ ಜೆಸಿಬಿ ತಂದು ಒಂದು ಮನೆ ಕೆಡವುವಾಗ ಪಕ್ಕದ ಮನೆಯ ಗೋಡೆಯೂ ಬೀಳುತ್ತಲ್ಲ, ಹಾಗೆ ಪಕ್ಕದಲ್ಲೇ ಇರುವ ಎಂಟ್ಯಾಪ್ ಜೀನ್ ಕೂಡ ಎಷ್ಟೋ ಸಲ ಜೊತೆಗೇ ಹೋಗುತ್ತೆ. ಒಟ್ಟು ಕ್ಯಾನ್ಸರ್‌ಗಳಲ್ಲಿ ಸುಮಾರು 10ರಿಂದ 15 ಶೇಕಡಾದಲ್ಲಿ ಹೀಗಾಗಿರುತ್ತೆ. ಮೆದುಳಿನ ಗ್ಲಿಯೋಬ್ಲಾಸ್ಟೋಮಾ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಮೀಸೋಥೀಲಿಯೋಮಾ ಇಂಥವುಗಳಲ್ಲಿ ಇನ್ನೂ ಹೆಚ್ಚು.

ಎಂಟ್ಯಾಪ್ ಕೆಲಸ ಕಸ ವಿಲೇವಾರಿ. ಕೋಶದೊಳಗೆ ಎಂಟಿಎ ಅನ್ನೋ ಒಂದು ಉಳಿಕೆ ಪದಾರ್ಥ ತಯಾರಾಗ್ತಾ ಇರುತ್ತೆ. ಎಂಟ್ಯಾಪ್ ಅದನ್ನು ಒಡೆದು ಮತ್ತೆ ಬಳಕೆಗೆ ಕಳಿಸುತ್ತೆ. ಎಂಟ್ಯಾಪ್ ಇಲ್ಲದ ಕೋಶದಲ್ಲಿ ಈ ಕಸ ಗುಡ್ಡೆ ಬೀಳುತ್ತೆ.

ಸ್ವಾರಸ್ಯ ಇರೋದು ಆ ಕಸದ ಆಕಾರದಲ್ಲಿ. ಎಂಟಿಎ ನೋಡೋಕೆ ಥೇಟ್ ಸ್ಯಾಮ್ ಥರಾನೇ. ಬಣ್ಣದ ಡಬ್ಬಿಯಂತೆಯೇ ಕಾಣುವ, ಆದ್ರೆ ಬಣ್ಣ ಕೊಡದ ಡಬ್ಬಿ. ಪಿಆರ್‌ಎಂಟಿ5 ಅನ್ನೋ ಮೀಥೈಲ್ ಕಿಣ್ವ ಇದಕ್ಕೆ ವಿಶೇಷವಾಗಿ ಮೋಸಹೋಗುತ್ತೆ. ಅದರ ಕುಳಿಯಲ್ಲಿ ಸ್ಯಾಮ್ ಕೂರಬೇಕಾದ ಜಾಗದಲ್ಲಿ ಎಂಟಿಎ ಬಂದು ಕೂರುತ್ತೆ. ಕಿಣ್ವ ಅರ್ಧಂಬರ್ಧ ಕುಂಟಾಗುತ್ತೆ.

ಪಿಆರ್‌ಎಂಟಿ5 ಇಲ್ಲದೆ ಕೋಶ ಬದುಕೋದೇ ಕಷ್ಟ. ಜೀನ್‌ನ ಸಂದೇಶವನ್ನು ಬಳಸುವ ಮೊದಲು ಬೇಡದ ತುಣುಕು ಕತ್ತರಿಸಿ ಜೋಡಿಸುವ ಕೆಲಸ ಕೋಶದಲ್ಲಿ ನಡೀತಾನೇ ಇರುತ್ತೆ, ವಿಡಿಯೋ ಎಡಿಟಿಂಗ್ ಥರ. ಆ ಎಡಿಟಿಂಗ್ ಯಂತ್ರದ ಪ್ರೋಟೀನ್‌ಗಳಿಗೆ ಗುರುತು ಹಾಕೋದು ಇದೇ ಕಿಣ್ವ. ಎಂಟ್ಯಾಪ್ ಇಲ್ಲದ ಕ್ಯಾನ್ಸರ್ ಕೋಶ ಅರ್ಧ ಕುಂಟಾದ ಪಿಆರ್‌ಎಂಟಿ5 ಇಟ್ಟುಕೊಂಡೇ ಹೇಗೋ ಬದುಕ್ತಿದೆ. ಇನ್ನೊಂಚೂರು ಒತ್ತಿದರೆ ಸಾಕು, ಬೀಳುತ್ತೆ.

ಇದನ್ನು ಮೂರು ಬೇರೆ ಬೇರೆ ತಂಡಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ, 2016ರಲ್ಲಿ ಪ್ರಕಟಿಸಿದವು. ನೂರಾರು ಕ್ಯಾನ್ಸರ್ ಕೋಶಗಳಲ್ಲಿ ಒಂದೊಂದೇ ಜೀನ್ ಕೆಲಸ ತಗ್ಗಿಸಿ, ಯಾವುದು ತಗ್ಗಿದರೆ ಯಾವ ಕೋಶ ಸಾಯುತ್ತೆ ಅಂತ ದೊಡ್ಡ ಪಟ್ಟಿ ಮಾಡುವಾಗ ಈ ಜೋಡಿ ಎದ್ದು ಕಂಡಿತು: ಎಂಟ್ಯಾಪ್ ಇಲ್ಲದಿದ್ದರೆ ಪಿಆರ್‌ಎಂಟಿ5 ಬಿಡೋಕಾಗಲ್ಲ.

ಸರಿಯಾದ ಗುರಿ, ಉಲ್ಟಾ ಬಾಣ

ಹಾಗಾದ್ರೆ ಪಿಆರ್‌ಎಂಟಿ5 ತಡೆಯುವ ಔಷಧಿ ಕೊಟ್ಟರೆ ಆಯ್ತಲ್ಲ? ಅಂಥ ಔಷಧಿಗಳು ಆಗಲೇ ತಯಾರಾಗಿದ್ದವು, ಪ್ರಯೋಗಕ್ಕೂ ಬಂದವು. ಆದ್ರೆ ರೋಗಿಗಳಲ್ಲಿ ರಕ್ತಹೀನತೆ, ಪ್ಲೇಟ್‌ಲೆಟ್ ಕುಸಿತ. ಯಾಕಂದ್ರೆ ಅಸ್ಥಿಮಜ್ಜೆಯ ಆರೋಗ್ಯವಂತ ಕೋಶಗಳಿಗೂ ಪಿಆರ್‌ಎಂಟಿ5 ಬೇಕೇ ಬೇಕು. ಡೋಸ್ ಏರಿಸೋಕೆ ಹೋದರೆ ರೋಗಿ ತಡೆಯಲ್ಲ, ಇಳಿಸಿದರೆ ಕ್ಯಾನ್ಸರ್ ಜಗ್ಗಲ್ಲ.

ಇನ್ನೂ ವಿಚಿತ್ರ ಏನಂದ್ರೆ, ಆ ಮೊದಲ ತಲೆಮಾರಿನ ಕೆಲವು ಔಷಧಿಗಳು ಕಿಣ್ವದ ಕುಳಿಯಲ್ಲಿ ಸ್ಯಾಮ್ ಕೂತಿದ್ದಾಗಲೇ ಚೆನ್ನಾಗಿ ಹಿಡಿಯುತ್ತಿದ್ದವು. ಸ್ಯಾಮ್ ಕೂತಿರೋದು ಎಲ್ಲಿ ಹೆಚ್ಚು? ಆರೋಗ್ಯವಂತ ಕೋಶದಲ್ಲಿ. ಎಂಟಿಎ ಕೂತಿರೋದು? ಕ್ಯಾನ್ಸರ್ ಕೋಶದಲ್ಲಿ. ಅಂದ್ರೆ ಗುರಿ ಸರಿಯಾಗಿತ್ತು, ಬಾಣ ಮಾತ್ರ ಉಲ್ಟಾ ಇತ್ತು.

ಆಗ ಹೊಳೆದ ಉಪಾಯ ಕೇಳೋಕೆ ಸರಳ. ಎಂಟಿಎ ಕೂತ ಪಿಆರ್‌ಎಂಟಿ5 ಅನ್ನು ಮಾತ್ರ ಹಿಡಿಯುವ ಅಣು ಮಾಡಿದರೆ? ಆ ಜೋಡಿ ಹೇರಳವಾಗಿ ಇರೋದು ಎಂಟ್ಯಾಪ್ ಕಳೆದುಕೊಂಡ ಕೋಶದಲ್ಲಿ ಮಾತ್ರ. ಕಸ ಕೂತ ಕುರ್ಚಿಯನ್ನೇ ಹುಡುಕಿ, ಕಸದ ಜೊತೆಗೇ ಅಲ್ಲಿ ಬೀಗ ಜಡಿಯೋದು. ಆರೋಗ್ಯವಂತ ಕೋಶದಲ್ಲಿ ಕಸ ಗುಡ್ಡೆ ಬೀಳಲ್ಲ, ಹಾಗಾಗಿ ಬೀಗವೂ ಸುಲಭಕ್ಕೆ ಬೀಳಲ್ಲ.

ಅಮೆರಿಕದ ಸ್ಯಾನ್ ಡಿಯಾಗೋದ ಮಿರಾಟಿ ಕಂಪನಿ ಎಂಆರ್‌ಟಿಎಕ್ಸ್1719 ಅನ್ನೋ ಅಣುವನ್ನು ಹೀಗೇ ರೂಪಿಸಿತು. ಕಿಣ್ವ ಮತ್ತು ಎಂಟಿಎ ಎರಡೂ ಸೇರಿದ ಜೋಡಿಗೆ ಅಂಟಿಕೊಳ್ಳುವ ಚೂರು ಚೂರು ಅಣುಗಳನ್ನು ಮೊದಲು ಹುಡುಕಿ, ಆಮೇಲೆ ಅದನ್ನು ಬೆಳೆಸುತ್ತಾ ಹೋದರು. ಎಲ್ಲಾ ರೀತಿಯಲ್ಲೂ ಒಂದೇ ಥರದ, ಆದ್ರೆ ಎಂಟ್ಯಾಪ್ ಇರುವ ಮತ್ತು ಇಲ್ಲದ ಎರಡು ಬಗೆಯ ಕೋಶಗಳ ಮೇಲೆ ಪರೀಕ್ಷಿಸಿದಾಗ, ಇಲ್ಲದ ಕೋಶಗಳ ಮೇಲೆ ಇದರ ಪ್ರಭಾವ 70 ಪಟ್ಟಿಗೂ ಹೆಚ್ಚಿತ್ತು. ಆಮೇಲೆ ಆ ಕಂಪನಿಯನ್ನು ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕೊಂಡುಕೊಂಡಿತು. ಆಮ್‌ಜೆನ್ ಕಂಪನಿಯ ಎಎಂಜಿ 193, ಟ್ಯಾಂಗೋ ಕಂಪನಿಯ ಅಣುಗಳು ಕೂಡ ಇದೇ ತತ್ವದವು.

ಮನುಷ್ಯರಲ್ಲಿ ಏನಾಯ್ತು? ಎಎಂಜಿ 193ರ ಮೊದಲ ಹಂತದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಎಂಟ್ಯಾಪ್ ಇಲ್ಲದ ಗೆಡ್ಡೆಗಳಿದ್ದ 80 ರೋಗಿಗಳು ಅದರಲ್ಲಿದ್ದರು. ಪರಿಣಾಮಕಾರಿಯೂ ಹೌದು, ತಡೆದುಕೊಳ್ಳಲೂಬಹುದು ಅನ್ನಿಸಿದ ಡೋಸ್ ಪಡೆದು, ಫಲಿತಾಂಶ ಅಳೆಯಲು ಸಾಧ್ಯವಾದ 42 ಜನರಲ್ಲಿ 21.4 ಶೇಕಡಾ, ಅಂದ್ರೆ 9 ಜನರ ಗೆಡ್ಡೆ ನಿಗದಿತ ಮಟ್ಟಕ್ಕೆ ಕುಗ್ಗಿತು. ವಾಕರಿಕೆ, ವಾಂತಿ, ಸುಸ್ತು ಕಾಡಿದವು. ಆದ್ರೆ ಹಳೇ ಔಷಧಿಗಳನ್ನು ಕಾಡಿದ್ದ ಆ ಗಂಭೀರ ರಕ್ತಕೋಶ ಕುಸಿತ ಇಲ್ಲಿ ಕಾಣಲಿಲ್ಲ.

42ರಲ್ಲಿ 9. ಇದನ್ನ ಹೇಗೆ ಓದಬೇಕು? "ಪವಾಡ ಔಷಧಿ" ಅಂತ ಥಂಬ್‌ನೇಲ್ ಹಾಕೋರಿಗೆ ಇದು ನಿರಾಸೆ. ಐವರಲ್ಲಿ ನಾಲ್ವರಿಗೆ ಆ ಮಟ್ಟದ ಫಲ ಸಿಕ್ಕಿಲ್ಲ. ಅಲ್ಲದೆ ಮೊದಲ ಹಂತದ ಪ್ರಯೋಗದ ಮುಖ್ಯ ಉದ್ದೇಶವೇ ಡೋಸ್ ಮತ್ತು ಸುರಕ್ಷತೆ. ರೋಗಿ ಹೆಚ್ಚು ಕಾಲ ಬದುಕ್ತಾರಾ ಅನ್ನೋ ಪ್ರಶ್ನೆಗೆ ದೊಡ್ಡ, ಹೋಲಿಕೆಯ ಪ್ರಯೋಗಗಳೇ ಉತ್ತರ ಕೊಡಬೇಕು. ಆದ್ರೆ ಇನ್ನೊಂದು ಕಡೆಯಿಂದ ನೋಡಿ: ಕ್ಯಾನ್ಸರ್ ಕೋಶದ ಒಳಗೆ ಮಾತ್ರ ಒಂದು ಕಿಣ್ವವನ್ನು ನಿಲ್ಲಿಸಬಹುದಾ ಅನ್ನೋ ಆ ಎರಡನೇ ಗೋಡೆ ಇತ್ತಲ್ಲ, ಅದರಲ್ಲಿ ಒಂದು ಬಾಗಿಲು ತೆರೆದಿದೆ.

ದಾಳಿಂಬೆ, ಪುನರ್ಪುಳಿ ಮತ್ತು ಫ್ಯಾಮಿಲಿ ಗ್ರೂಪ್

ಇಲ್ಲಿ ಬೆಂಗಳೂರಿನ ಒಂದು ಸಂಗತಿ ಹೇಳಲೇಬೇಕು. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ಪ್ರಯೋಗಾಲಯ ಹಿಸ್ಟೋನ್ ಗುರುತುಗಳ ಬಗ್ಗೆ ವರ್ಷಗಳಿಂದ ಕೆಲಸ ಮಾಡಿದೆ. ಕರಾವಳಿ, ಮಲೆನಾಡಿನವರಿಗೆ ಗೊತ್ತಿರೋ ಪುನರ್ಪುಳಿ, ಅಂದ್ರೆ ಮುರುಗಲು ಹಣ್ಣಿನ ಗಾರ್ಸಿನಾಲ್ ಅನ್ನೋ ಪದಾರ್ಥ, ಹಿಸ್ಟೋನ್ ಮೇಲೆ ಅಸಿಟೈಲ್ ಅನ್ನೋ ಇನ್ನೊಂದು ಬಗೆಯ ಗುರುತು ಹಾಕುವ ಕಿಣ್ವಗಳನ್ನು ತಡೆಯುತ್ತೆ ಅಂತ ಈ ತಂಡ 2004ರಲ್ಲಿ ತೋರಿಸಿತು. 2010ರಲ್ಲಿ ಎಲಾಜಿಕ್ ಆಸಿಡ್ ಬಗ್ಗೆ ಬರೆದರು. ಇದು ದಾಳಿಂಬೆಯಲ್ಲಿ ಸಿಗುವ ಪದಾರ್ಥ. ಕಾರ್ಮ್1 ಅನ್ನೋ ಮೀಥೈಲ್ ಕಿಣ್ವ ಹಿಸ್ಟೋನ್‌ನ ಒಂದು ಜಾಗಕ್ಕೆ ಗುರುತು ಹಾಕೋದನ್ನು ಇದು ತಡೆಯುತ್ತೆ. ಅದೂ ಹೇಗೆ? ಗುರುತು ಹಾಕೋನ ಕೈ ಹಿಡಿಯಲ್ಲ. ಮೂಟೆಯ ಮೇಲೆ ಗುರುತು ಬೀಳಬೇಕಾದ ಜಾಗದ ಹತ್ತಿರವೇ ತಾನು ಹೋಗಿ ಕೂರುತ್ತೆ. ಕಿಣ್ವವನ್ನೇ ಹಿಡಿಯಬೇಕಿಲ್ಲ, ಬೇರೆ ದಾರಿಯೂ ಇದೆ ಅಂತ ತೋರಿಸಿದ ಚೆಂದದ ಕೆಲಸ ಅದು.

ಈಗ ನಿಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಯಾರಾದ್ರೂ "ದಾಳಿಂಬೆ ತಿಂದ್ರೆ ಕ್ಯಾನ್ಸರ್ ಮಾಯ, ವಿಜ್ಞಾನಿಗಳೇ ಹೇಳಿದ್ದಾರೆ" ಅಂತ ಫಾರ್ವರ್ಡ್ ಮಾಡಬಹುದು. ವಿಜ್ಞಾನಿಗಳು ಹಾಗೆ ಹೇಳಿಲ್ಲ. ಎಲಾಜಿಕ್ ಆಸಿಡ್ ತಿಂದರೆ ರಕ್ತಕ್ಕೆ ಸೇರೋದೇ ಬಹಳ ಕಡಿಮೆ, ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಬೇರೆ ಪದಾರ್ಥಗಳಾಗಿ ಮಾರ್ಪಡಿಸಿಬಿಡುತ್ತವೆ. ಪ್ರಯೋಗಾಲಯದಲ್ಲಿ ಒಂದು ಕಿಣ್ವದ ಕೆಲಸ ಬಿಡಿಸಿ ನೋಡೋಕೆ ಅದು ಒಳ್ಳೆಯ ಸಲಕರಣೆ. ಆಸ್ಪತ್ರೆಯ ಔಷಧಿ ಅಲ್ಲ. ದಾಳಿಂಬೆ ತಿನ್ನಿ, ಪುನರ್ಪುಳಿ ಶರಬತ್ತು ಕುಡಿಯಿರಿ, ರುಚಿಗೆ. ಚಿಕಿತ್ಸೆ ಬಿಟ್ಟು ಅಲ್ಲ.

ಆ ಸಾಲು ಒಳ್ಳೇದಾ, ಕೆಟ್ಟದ್ದಾ?

ಈಗ ಉತ್ತರ. ಮೆಸೇಜ್ ಕಳಿಸಿದವರೇ, ಮೊದಲನೆಯದಾಗಿ, ಮೀಸೋಥೀಲಿಯೋಮಾ ರಿಪೋರ್ಟ್‌ನಲ್ಲಿ ‘ಎಂಟ್ಯಾಪ್ ಲಾಸ್’ ಅಂತ ಬರೆಯೋದು ಸಾಮಾನ್ಯವಾಗಿ ರೋಗ ಪತ್ತೆಯ ಭಾಗವಾಗಿ. ಶ್ವಾಸಕೋಶದ ಹೊದಿಕೆಯ ಕೋಶಗಳು ಬರೀ ಉರಿಯೂತದಿಂದ ಬದಲಾಗಿವೆಯೋ, ನಿಜಕ್ಕೂ ಕ್ಯಾನ್ಸರೋ ಅನ್ನೋ ಅನುಮಾನ ಬಂದಾಗ ಪೆಥಾಲಜಿಸ್ಟ್‌ಗಳು ಈ ಪರೀಕ್ಷೆ ಮಾಡ್ತಾರೆ. ಎಂಟ್ಯಾಪ್ ಕಾಣೆಯಾಗಿದ್ದರೆ ಕ್ಯಾನ್ಸರ್ ಅನ್ನೋದಕ್ಕೆ ಬಲ ಬರುತ್ತೆ. ಹೊಸ ಔಷಧಿ ಕೊಡೋಕೆ ಅಂತಲೇ ಬರೆದ ಸಾಲು ಅದಾಗಿರಬೇಕಿಲ್ಲ.

ಎರಡನೆಯದು, ಕೆಟ್ಟದ್ದಾ ಅಂದ್ರೆ, ಪಕ್ಕದ ಕಾವಲು ಜೀನ್ ಕೂಡ ಹೋಗಿರುವ ಸಾಧ್ಯತೆ ಹೆಚ್ಚು. ಅದು ಸಂತೋಷದ ಸುದ್ದಿ ಅಲ್ಲ, ಸುಳ್ಳು ಸಮಾಧಾನ ನಾನು ಹೇಳಲ್ಲ. ಒಳ್ಳೇದಾ ಅಂದ್ರೆ, ಆ ಕಳೆದುಹೋದದ್ದೇ ಕ್ಯಾನ್ಸರ್ ಕೋಶಕ್ಕೆ ಒಂದು ವಿಳಾಸ ಕೊಟ್ಟಿದೆ. ಆ ವಿಳಾಸ ಹುಡುಕಿಕೊಂಡು ಹೋಗುವ ಔಷಧಿಗಳು ಸದ್ಯ ಪ್ರಯೋಗದ ಹಂತದಲ್ಲಿವೆ. ಮೆಡಿಕಲ್ ಶಾಪ್‌ನಲ್ಲಿ ಸಿಗುವಂಥವಲ್ಲ. ಆನ್‌ಲೈನ್‌ನಲ್ಲಿ ಯಾರಾದ್ರೂ ತರಿಸಿಕೊಡ್ತೀನಿ ಅಂದ್ರೆ ದಯವಿಟ್ಟು ದುಡ್ಡು ಕೊಡಬೇಡಿ.

ಮೂರನೆಯದು, ಮಾಡಬಹುದಾದ ಕೆಲಸ. ಮುಂದಿನ ಸಲ ಆಂಕಾಲಜಿಸ್ಟ್ ಹತ್ರ ಹೋಗುವಾಗ ಮೂರು ಪ್ರಶ್ನೆ ಕಾಗದದಲ್ಲಿ ಬರೆದುಕೊಂಡು ಹೋಗಿ. ಒಂದು, ಈಗ ಇರುವ ಚಿಕಿತ್ಸೆಗಳಲ್ಲಿ ಮಾವನಿಗೆ ಯಾವುದು ಸರಿ? ಎರಡು, ಈ ಎಂಟ್ಯಾಪ್ ಫಲಿತಾಂಶ ಚಿಕಿತ್ಸೆಯನ್ನು ಏನಾದರೂ ಬದಲಿಸುತ್ತಾ? ಮೂರು, ಎಂಟ್ಯಾಪ್ ಇಲ್ಲದ ಗೆಡ್ಡೆಗಳಿಗೆ ನಡೀತಿರೋ ಕ್ಲಿನಿಕಲ್ ಟ್ರಯಲ್ ಯಾವುದಾದರೂ ಇದೆಯಾ, ಮಾವ ಅದಕ್ಕೆ ಸೇರಬಹುದಾ? ನೀವೇ ಹುಡುಕಬೇಕು ಅಂದ್ರೆ ಐಸಿಎಂಆರ್ ನಡೆಸುವ ಸಿಟಿಆರ್‌ಐ ವೆಬ್‌ಸೈಟ್ ಇದೆ. ಭಾರತದಲ್ಲಿ ನಡೆಯುವ ಔಷಧಿ ಪ್ರಯೋಗಗಳನ್ನು 2009ರಿಂದ ಅಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. ಫೋನ್‌ನಲ್ಲೇ ಪುಕ್ಕಟೆ ನೋಡಬಹುದು.

ಟ್ರಯಲ್ ಅಂದ ಕೂಡಲೇ "ಇಲಿ ಮೇಲೆ ಮಾಡೋದನ್ನ ನಮ್ಮ ಮೇಲೆ ಮಾಡ್ತಾರೆ" ಅನ್ನೋ ಭಯ ಮನೆಯಲ್ಲಿ ಬರಬಹುದು. ಹಾಗಂತ ಟ್ರಯಲ್ ಅಂದ್ರೆ ಗ್ಯಾರಂಟಿ ಅಂತಲೂ ಅಲ್ಲ, ಆ ಮಗುವಿನ ಕಥೆ ಕೇಳಿದ್ರಲ್ಲ. ಲಿಖಿತ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳುವಂತಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ 2019ರ ನಿಯಮಗಳು ಹೇಳುತ್ತವೆ. ಒಪ್ಪಿಗೆ ಪತ್ರವನ್ನ ಮಾವನಿಗೆ ಅರ್ಥವಾಗುವ ಭಾಷೆಯಲ್ಲೇ ಕೇಳಿ ಪಡೆಯಿರಿ, ಅವರಿಗೆ ಓದಿ ಹೇಳಿ. ತೀರ್ಮಾನ ಅವರದ್ದಾಗಿರಲಿ.

ಕೊನೆಗೊಂದು ಮಾತು. ನಾಲ್ಕು ಪರಮಾಣುಗಳ ಒಂದು ಚುಕ್ಕೆಯನ್ನು ಯಾರು ಹಾಕ್ತಾರೆ ಅಂತ ಕುತೂಹಲಕ್ಕೆ ಹುಡುಕಿದ 2000ದ ಆ ಕೆಲಸದಿಂದ, ಒಬ್ಬ ರೋಗಿಯ ಗೆಡ್ಡೆ ಕುಗ್ಗೋ ತನಕ ಎರಡು ದಶಕ ಬೇಕಾಯ್ತು. ನಡುವೆ ಉಲ್ಟಾ ಬಾಣಗಳು, ನಿಂತುಹೋದ ಔಷಧಿಗಳು, ಆ ಪ್ರಯೋಗಗಳಿಗೆ ಒಪ್ಪಿ ಸೇರಿದ ರೋಗಿಗಳು. ಮುಂದಿನ ಸಲ "ಕ್ಯಾನ್ಸರ್‌ಗೆ ಔಷಧಿ ಸಿಕ್ತು" ಅನ್ನೋ ಹೆಡ್‌ಲೈನ್ ಕಂಡಾಗ ಎರಡು ಪ್ರಶ್ನೆ ಕೇಳಿಕೊಳ್ಳಿ: ಯಾವ ಕ್ಯಾನ್ಸರ್? ಎಷ್ಟು ಜನರಲ್ಲಿ ಎಷ್ಟು ಜನಕ್ಕೆ?

ನಿಮ್ಮ ಮನೆಯ ರಿಪೋರ್ಟ್‌ನಲ್ಲೂ ಅರ್ಥವಾಗದ ಸಾಲು ಇದ್ದರೆ, ಹೆಸರು, ಆಸ್ಪತ್ರೆ ವಿವರ ಅಳಿಸಿ, ಪ್ರಶ್ನೆ ಮಾತ್ರ ಕಳಿಸಿ. ನಿಮ್ಮ ಡಾಕ್ಟರ್ ಬದಲಿಗೆ ನಾವಲ್ಲ, ಆದ್ರೆ ಅವರ ಹತ್ರ ಏನು ಕೇಳಬೇಕು ಅಂತ ಜೊತೆಗೂಡಿ ಯೋಚಿಸಬಹುದು. ಮೆಸೇಜ್ ಕಳಿಸಿದವರ ಮಾವನಿಗೆ ನಮ್ಮೆಲ್ಲರ ಹಾರೈಕೆ.